ಟಕ್ ಎಂದಿತ್ತು

ಕಾರವಾರದ ಕೋರ್ಟಿನೆದುರು ನನ್ನ ಅಂಗಡಿ, ಆರಡಿಗೆ ಎಂಟು.
ಒಂದು ಜೆರಾಕ್ಸು, ಒಂದು ಕಂಪ್ಯೂಟರು, ಒಂದು ಬೆಂಚು.
ಕಡಲಗಾಳಿಗೆ ರಜೆಯೆಂಬುದಿಲ್ಲ,
ಎರಡು ವರ್ಷಕ್ಕೊಮ್ಮೆ ಯಾವುದಾದರೊಂದು ಪಿನ್ನಿಗೆ
ಹಸಿರು ಕಿಲುಬು ಹಚ್ಚಿಯೇ ಹೋಗುತ್ತದೆ.

ಈ ಸಲ ಸತ್ತದ್ದು ಪವರ್ ಸಪ್ಲೈ. ಬೋರ್ಡೂ ಜೊತೆಗೆ.
‘ಹೊಸದೇ ಕಟ್ಟಿಬಿಡುವ’ ಎಂದ ಉಲ್ಲಾಸ ಬಾನಾವಳಿ
ಹುಬ್ಬಳ್ಳಿ ಬಸ್ಸಿಗೆ ಡಬ್ಬಿ ಹಾಕಿಸಿ ತರಿಸಿದ.
ಜೋಡಿಸಲು ಬರುತ್ತೇನೆಂದವನು ಬರಲಿಲ್ಲ.
ಬೈತಖೋಲದಲ್ಲಿ ಯಾರದೋ ಬೋಟಿನ ಜಿಪಿಎಸ್ ಕೆಟ್ಟಿತ್ತು.
ಬೋಟು ಕಾಯುವುದಿಲ್ಲ, ಕಾಗದ ಕಾಯುತ್ತದೆ.

ಶನಿವಾರ ರಾತ್ರಿ ಶಟರು ಅರ್ಧ ಇಳಿಸಿ
ನಾನೇ ಕೂತೆ.

ಇಪ್ಪತ್ತನಾಲ್ಕು ಪಿನ್ನಿನ ದಪ್ಪ ಕೇಬಲ್ಲು ಮೊದಲು.
ಅದು ಸುಲಭಕ್ಕೆ ಒಪ್ಪುವ ಪೈಕಿಯಲ್ಲ.
ಹೆಬ್ಬೆರಳ ಉಗುರು ಬಿಳಿಚುವ ತನಕ ಒತ್ತಬೇಕು,
ಬೋರ್ಡು ಬಾಗಿ, ಮುರಿದೇ ಹೋಯಿತೆಂದು
ಜೀವ ಬಾಯಿಗೆ ಬಂದಾಗ
ಕೊಂಡಿ ಟಕ್ ಎನ್ನುತ್ತದೆ,
ಬಳಚು ಬಾಯಿ ಮುಚ್ಚಿದ ಹಾಗೆ.

ಆಮೇಲೆ ಪ್ರೊಸೆಸರಿನದು, ನಾಲ್ಕೂ ನಾಲ್ಕೂ ಎಂಟು,
ಮೇಲಿನ ಎಡಮೂಲೆಗೆ, ಬೆರಳು ಹೋಗದ ಸಂದಿಗೆ.
ಅದನ್ನು ಮರೆತರೆ ಫ್ಯಾನು ತಿರುಗುತ್ತದೆ,
ದೀಪ ಹತ್ತುತ್ತದೆ,
ಪರದೆಯಲ್ಲಿ ಮಾತ್ರ ಅಮಾವಾಸ್ಯೆ.
ಗ್ರಾಫಿಕ್ಸ್ ಕಾರ್ಡಿನದೂ ಎಂಟೇ, ಆದರೆ ಆರು ಮತ್ತು ಎರಡು.
ಮೇಲೆ ಅಕ್ಷರ ಕೆತ್ತಿರುತ್ತಾರೆ, ಇರುವೆ ಗಾತ್ರದಲ್ಲಿ.
ಕನ್ನಡಕ ಹಾಕಿ ಓದಿ ಪಕ್ಕಕ್ಕಿಟ್ಟೆ.
ಅಫಿಡವಿಟ್ಟಿಗೆ ಆ ಕಾರ್ಡು ಯಾಕೆ?

ಉಳಿದದ್ದು ಹಳೆಯ ಡಿಸ್ಕು.
ಹನ್ನೊಂದು ವರ್ಷದ ತಕರಾರು ಅದರ ಹೊಟ್ಟೆಯಲ್ಲಿ.
ಹೊಸ ಸಪ್ಲೈಯ ಕೇಬಲ್ಲು ಒಂದು ಗೇಣು ಕಮ್ಮಿ ಬಿತ್ತು.
ಹಳೆಯದರ ಕೇಬಲ್ಲು ಮೇಜಿನ ಮೇಲೇ ಇತ್ತು,
ಉದ್ದ, ಇನ್ನೂ ಗಟ್ಟಿ,
ಅದೇ ಆರು ತೂತು, ಅದೇ ಕಪ್ಪು ಮೂತಿ,
ಕೊಂಡಿಯೂ ಅದೇ ಕಡೆಗೆ.
ಬಿಸಾಡುವುದು ಯಾಕೆಂದು ಸಪ್ಲೈಗೆ ಸಿಕ್ಕಿಸಿದೆ.
ಟಕ್ ಎಂದಿತು.
ಅಷ್ಟು ಚೊಕ್ಕ ಟಕ್ಕು
ಆ ರಾತ್ರಿ ಬೇರೆ ಯಾವುದೂ ಎಂದಿರಲಿಲ್ಲ.

ಬಟನ್ ಒತ್ತಿದೆ.
ಡಿಸ್ಕು ಒಮ್ಮೆ ಬಿಕ್ಕಿತು.
ಹೊಗೆ ಕೂಡ ಬರಲಿಲ್ಲ, ತೆಳ್ಳಗೆ ಒಂದು ವಾಸನೆ,
ಒಗ್ಗರಣೆ ಸೀದ ಮನೆಯ ಮುಂದೆ
ಬಸ್ಸು ದಾಟಿ ಹೋದರೆ ಬರುವಷ್ಟು.

ಭಾನುವಾರ ಉಲ್ಲಾಸ ಮೀಟರು ಹಿಡಿದು ಬಂದ.
ಒಂದೊಂದೇ ತೂತಿಗೆ ಕಡ್ಡಿ ಇಟ್ಟು ನೋಡಿದ.
‘ಅಕ್ಕಾ, ಡಿಸ್ಕಿನ ಕಡೆಯ ತುದಿ ಎಲ್ಲರದ್ದೂ ಒಂದೇ.
ಸಪ್ಲೈ ಕಡೆಯ ತುದಿ ಕಂಪನಿಗೊಂದು ಕಟ್ಟಳೆ.
ಐದು ವೋಲ್ಟು ಕಾದು ಕೂತ ಬಾಗಿಲಿಗೆ
ಹನ್ನೆರಡು ನುಗ್ಗಿದೆ.’
ಬೈದಿದ್ದರೆ ಚೆನ್ನಾಗಿತ್ತು.
ಬೈಯದೆ ಚಾ ತರಿಸಿದ.

ಸೋಮವಾರ ಶೇವಂತಿ ತಾಂಡೇಲ ಬಂದಳು,
ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯ ಜೊತೆ.
ನೌಕಾನೆಲೆಗೆ ಹೋದ ಹಿತ್ತಲಿನ ಪರಿಹಾರ
ಬೇರೊಬ್ಬ ಶೇವಂತಿ ತಾಂಡೇಲಳ ಖಾತೆಗೆ ಬಿದ್ದು
ಇದು ಒಂಬತ್ತನೇ ವರ್ಷ.
ಹೆಸರು ಹೊಂದಿತ್ತು, ಊರು ಹೊಂದಿತ್ತು,
ಅಪ್ಪನ ಹೆಸರು ಯಾರೂ ಓದಿರಲಿಲ್ಲ.
‘ಹಳೇ ಅರ್ಜಿಯ ನಕಲು ಕೊಡು ಬಾಯಿ, ನಾಳೆ ತಾರೀಕು.’

ನಕಲು ಇಲ್ಲ ಎಂದೆ. ಸುಟ್ಟದ್ದು ನಾನೇ ಎಂದೆ.
ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು,
ಬುಟ್ಟಿ ಕೆಳಗಿಟ್ಟಳು, ಬೆಂಚಿನ ಮೇಲೆ ಕೂತಳು.
ಸರ್ವೆ ನಂಬರು, ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ
ಅವಳಿಗೆ ಬಾಯಿಪಾಠ.
‘ಪೂರ್ವಕ್ಕೆ ಬಾವಿ, ಪಶ್ಚಿಮಕ್ಕೆ ಸಮುದ್ರ, ಬರಿ.’
ಬರೆದೆ.
ತಂದೆಯ ಹೆಸರು ಎರಡು ಸಲ ಕೇಳಿ ಬರೆದೆ.

ದುಡ್ಡು ಕೊಡಲು ಬಂದಳು, ಬೇಡವೆಂದೆ.
ಹಳೆಯ ಕೇಬಲ್ಲಿನ ಎರಡೂ ಮೂತಿಗಳನ್ನು
ಕತ್ತರಿಯಿಂದ ಕತ್ತರಿಸಿ ಡಬ್ಬಕ್ಕೆಸೆದೆ.
ಉಳಿದದ್ದನ್ನು ಎಳೆದು ನೋಡಿದಳು. ಗಟ್ಟಿ.
ಹರಿದ ಬುಟ್ಟಿಯ ಅಂಚಿಗೆ ನಾಲ್ಕು ಸುತ್ತು ಸುತ್ತಿ
ತಲೆಗೇರಿಸಿಕೊಂಡು ಹೋದಳು.